ನಕ್ಷೆಯಲ್ಲಿ ಬರೆಯದ ಗದ್ದೆ

ಹಿನೋತಾನಿ ಎಂಬ ಊರಲ್ಲಿ ಯಾರ ಅಕ್ಷರ ಚೆಂದ ಎಂದು ಕೇಳಿದರೆ ಎಲ್ಲರೂ ಕಿಸಬುರೊನ ಮನೆ ತೋರಿಸುತ್ತಿದ್ದರು. ಸಮಾಧಿಗಲ್ಲಿನ ಹೆಸರಿನಿಂದ ಅಕ್ಕಿ ಹೆಂಡ ಸಾಕೆಯ ಅಂಗಡಿಯ ಹಲಗೆಯವರೆಗೆ ಬರೆದವನು ಅವನೇ. ಪ್ರತಿ ಊರೂ ತನ್ನ ಹೊಲಗದ್ದೆಗಳ ನಕ್ಷೆಯನ್ನು ತಾನೇ ಬರೆದು ಕೊಡಬೇಕೆಂದು ಹೊಸ ಸರ್ಕಾರ ಹೇಳಿದಾಗ ಕುಂಚ ಅವನ ಕೈಗೇ ಬಂತು. ದಾರಿಗೆ ಕೆಂಪು, ನೀರಿಗೆ ನೀಲಿ. ಅಳೆಯುವ ಹಗ್ಗಕ್ಕೆ ಊರವರು ಗುಟ್ಟಾಗಿ ಗೇಣುದ್ದ ಸೇರಿಸಿದ್ದರಿಂದ ಎಲ್ಲರ ಭೂಮಿಯೂ ಕಾಗದದ ಮೇಲೆ ಕುಗ್ಗಿತು, ಕಂದಾಯವೂ ಕುಗ್ಗಿತು. ಕಿಸಬುರೊ ಊರಿಗೆಲ್ಲ ಬೇಕಾದವನಾದ. ಹೊಗಳಿಕೆ ತಲೆಗೇರಿತು ಎನ್ನಬೇಕು.

ಗುಡ್ಡದ ಮರೆಯಲ್ಲಿ ಒಶಿಗೆ ಎಂಬ ಮುದಿ ವಿಧವೆಗೆ, ಹಿಂದೆ ಗಂಡನ ಜೊತೆ ಕಲ್ಲು ಹೊತ್ತು ಮಾಡಿದ ತುಂಡು ಗದ್ದೆಯಿತ್ತು. ಅವಳ ಹೊಟ್ಟೆಪಾಡು ಅದೊಂದೇ.

"ನಂದನ್ನೂ ಬರಿಯಪ್ಪಾ. ಕಂದಾಯ ಎಷ್ಟಾದ್ರೂ ಕಟ್ತೀನಿ," ಎಂದಳು.

"ಸುಮ್ನಿರಜ್ಜಿ! ಆ ಮೂಲೆಗೆ ಯಾವ ಸಾಹೇಬ ಹತ್ತಿ ಬರ್ತಾನೆ? ಬಿಟ್ಬಿಡ್ತೀನಿ, ಪುಕ್ಕಟೆ ಉಣ್ಣು."

ಜನರೆದುರು ದೊಡ್ಡ ಮನುಷ್ಯನಂತೆ ನಕ್ಕು, ಕಿಸಬುರೊ ಅಲ್ಲಿ ಬರೀ ಗುಡ್ಡ ಬರೆದ.

ಕೆಲವು ವರ್ಷಗಳಾದ ಮೇಲೆ ಅರಣ್ಯದ ಅಧಿಕಾರಿ ಬಂದ. ನಕ್ಷೆಯಲ್ಲಿ ಯಾರ ಹೆಸರೂ ಇಲ್ಲದ ಗುಡ್ಡವೆಲ್ಲ ಸರ್ಕಾರದ್ದು ಎಂದು ಹುಕುಂ ಆಗಿತ್ತು. ಅವನ ಹಿಂದೆ ಊರ ಮುಖ್ಯಸ್ಥನೂ ಕಿಸಬುರೊನೂ ಹತ್ತಿದರು. ತೆನೆ ತೂಗುತ್ತಿದ್ದ ಗದ್ದೆಯಲ್ಲಿ ಒಶಿಗೆ ಕುಡುಗೋಲು ಹಿಡಿದು ನಿಂತಿದ್ದಳು.

"ಇದ್ಯಾರದಯ್ಯಾ? ನಕ್ಷೆಲಿ ಇಲ್ವಲ್ಲ!" ಎಂದ ಅಧಿಕಾರಿ.

ಕಿಸಬುರೊ ಮುಖ್ಯಸ್ಥನ ಮುಖ ನೋಡಿದ. ನಿಜ ಹೇಳಿದರೆ ಗದ್ದೆ ಉಳಿಯಬಹುದಿತ್ತು. ಆದರೆ ಊರನ್ನೆಲ್ಲ ಮತ್ತೆ ಅಳೆಯುತ್ತಾರೆ, ಹಗ್ಗದ ಗುಟ್ಟು ಬಯಲಾಗುತ್ತದೆ, ಮೊದಲು ಎಳೆದೊಯ್ಯುವುದು ನಕ್ಷೆ ಬರೆದವನನ್ನೇ. ಮುಖ್ಯಸ್ಥ ಬೇಕೆಂದೇ ಕೆಮ್ಮಿದ. ಕಿಸಬುರೊ ತನ್ನ ಕಾಲ ಬೆರಳು ನೋಡುತ್ತ ನಿಂತುಬಿಟ್ಟ.

ಒಶಿಗೆ ಅವನನ್ನೇ ನೋಡಿದಳು. ಆಮೇಲೆ, "ಯಾರದ್ದೂ ಅಲ್ಲ ಬುದ್ಧಿ. ಹಕ್ಕಿ ಉದುರ್ಸಿದ ಕಾಳು ಹುಟ್ಟಿರ್ಬೇಕು. ನಾನು ಸೊಪ್ಪು ಕೀಳಕ್ಕೆ ಬಂದೋಳು," ಎಂದಳು.

"ಭೇಷ್! ನಿಮ್ಮೂರ ಹಕ್ಕಿಗಳು ಸಾಲು ಹಿಡಿದು ನಾಟಿ ಮಾಡ್ತವೆ!" ಅಧಿಕಾರಿ ನಕ್ಕು, ಕಿಸಬುರೊನತ್ತ ತಿರುಗಿದ. "ಬರಿ, ಸರ್ಕಾರಿ ಜಾಗ."

ಕಿಸಬುರೊ ಬರೆದ. ಹಾಳಾದ ಅಕ್ಷರ ಎಂದಿನಂತೆ ಮುತ್ತು ಪೋಣಿಸಿದ ಹಾಗೇ ಬಂತು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

ಅಧಿಕಾರಿ ಇಳಿದು ಹೋದ ಮೇಲೆ ಅವನು ಬದುವಿನ ಮೇಲೆ ಮಂಡಿಯೂರಿ ಹಣೆಯನ್ನು ಮಣ್ಣಿಗೆ ಹಚ್ಚಿದ. "ಅಜ್ಜಿ, ನಿನ್ನ ಗದ್ದೆ..."

"ಗದ್ದೆ ಹೋಯ್ತು ಬಿಡು," ಎಂದಳು ಒಶಿಗೆ, ಕುಡುಗೋಲು ಒರೆಸುತ್ತ. "ನೀನು ಬಾಯಿ ಬಿಡ್ತೀಯೇನೋ ಅಂತ ಒಂಚೂರು ಹೊತ್ತು ಕಾದೆ ಕಣಪ್ಪಾ."