ಬೆರಳಲ್ಲಿ ಗೋಡೆ ಹತ್ತಿದವಳು

ಅವಳ ಬಲಗೈಯ ಉಗುರುಗಳ ಸಂದಿನಲ್ಲಿ ಸದಾ ಕೆಮ್ಮಣ್ಣಿನ ಒಂದು ತೆಳು ಗೆರೆ ಇರುತ್ತಿತ್ತು. ಎಷ್ಟು ತೊಳೆದರೂ ಹೋಗದ ಕೆಂಪು. ಆ ಕೈಯಲ್ಲೇ ಅವಳು ನಮ್ಮ ಪಾತ್ರೆಗೆ ಹಾಲು ಅಳೆಯುತ್ತಿದ್ದಳು. ಕೊನೆಯಲ್ಲಿ ಮಣಿಕಟ್ಟನ್ನು ಸಣ್ಣಗೆ ತಿರುಗಿಸಿ, ಒಂದು ಹನಿಯೂ ಕೆಳಗೆ ಬೀಳದಂತೆ ಚೊಂಬನ್ನು ಎತ್ತಿಕೊಳ್ಳುತ್ತಿದ್ದಳು. ಶಿವಮೊಗ್ಗದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಪ್ರತಿ ಸೋಮವಾರ ಸಿಸ್ಟರ್ ಎದುರು ಕೈಚಾಚಿ ನೇಲ್ ಇನ್‌ಸ್ಪೆಕ್ಷನ್ ಮಾಡಿಸಿಕೊಳ್ಳುತ್ತಿದ್ದ ನಾನು ಆ ಉಗುರು ನೋಡಿ ಒಮ್ಮೆ ಮೂಗು ಮುರಿದಿದ್ದೆ. ಅವಳಿಗೆ ಬೇಸರವಾಗಲಿಲ್ಲ. ಅದು ಕೊಳೆಯಲ್ಲ, ಗೋಡೆಯ ಬಣ್ಣ ಎಂದಳು.

ನಮಗೆ ಅವಳು ಹಾಲಿನಕ್ಕ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಊರು ಬಿಟ್ಟು, ಗಂಡ, ಒಬ್ಬಳೇ ಮಗಳು, ಎರಡು ಎಮ್ಮೆಗಳ ಜೊತೆ ಸಾಗರಕ್ಕೆ ಬಂದವಳು. ನನ್ನ ಅಪ್ಪ ಅಲ್ಲಿ ಓವರ್‌ಸಿಯರ್. ನಮ್ಮ ಕ್ವಾರ್ಟರ್ಸಿನ ಹಿಂದಿನ ದಿಬ್ಬದ ಮೇಲೆ ಅವರ ಹೊಸ ಮಣ್ಣಿನ ಮನೆ. ಅವರ ಕಡೆ ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಹಸೆ ಅನ್ನುತ್ತಾರೆ. ಅವಳ ತಾಯಿ ಹಸೆ ಬರೆಯುವುದರಲ್ಲಿ ಎತ್ತಿದ ಕೈಯಂತೆ. ಆ ತಾಯಿ ಬರೆದ ಗೋಡೆಗಳೆಲ್ಲ ಈಗ ನೀರಿನಡಿ. ‘ಒಂದಾದ್ರೂ ಉಳೀಲಿಲ್ಲ ಅಮ್ಮಾ’ ಎಂದು ನನ್ನ ತಾಯಿಯ ಹತ್ತಿರ ಹೇಳುವಾಗಲೂ ಅವಳು ಹಾಲು ಅಳೆಯುವುದನ್ನು ನಿಲ್ಲಿಸುತ್ತಿರಲಿಲ್ಲ.

ನನಗೆ ಹದಿನೈದು ತುಂಬಿದ ವರ್ಷ ಸಮ್ಮರ್ ಹಾಲಿಡೇಸಿಗೆ ಬಂದಾಗ ಹಾಲು ತಂದದ್ದು ಮಗಳು. ಹಾಲಿನಕ್ಕನಿಗೆ ಬಲಗಡೆ ಎದೆಯಲ್ಲಿ ಗಂಟು ಎದ್ದು, ಘಟ್ಟದ ಕೆಳಗಿನ ಮಿಷನ್ ಆಸ್ಪತ್ರೆಯಲ್ಲಿ ಆ ಕಡೆಯ ಸ್ತನವನ್ನೇ ಪೂರ್ತಿ ತೆಗೆದಿದ್ದರು. ಕಂಕುಳಿನವರೆಗೂ ಕೊಯ್ದಿದ್ದರಿಂದ ಕೈ ಪಕ್ಕೆಗೆ ಅಂಟಿಕೊಂಡಂತಾಗಿತ್ತು. ಮನೆಗೆ ಬಂದು ಎರಡು ದಿನವಾಗಿತ್ತು.

ನೋಡಲು ಹೋದರೆ ಮಲಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಎಡಗೈಯಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಗೋಲಿನ ಹಗ್ಗದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದಳು. ನನ್ನನ್ನು ಕಂಡದ್ದೇ, ಮಡಚಿದ ಒಂದು ಕಾಗದವನ್ನು ಡಬ್ಬಿಯಿಂದ ನನ್ನ ಕೈಲೇ ತೆಗೆಸಿದಳು. ಡಿಸ್ಚಾರ್ಜ್ ಪೇಪರ್. ಪೂರ್ತಿ ಇಂಗ್ಲಿಷ್. ಅಲ್ಲಿಯ ನರ್ಸಮ್ಮ ಬಾಯಲ್ಲೂ ಹೇಳಿದ್ದಳಂತೆ, ನೋವಿನಲ್ಲಿ ಒಂದೂ ತಲೆಗೆ ಹೋಗಿರಲಿಲ್ಲ.

ನಾನು ಬಹಳ ಹೆಮ್ಮೆಯಿಂದ ಓದಿ ಕನ್ನಡದಲ್ಲಿ ಹೇಳಿದೆ: ಕೈ ಮತ್ತೆ ಮೇಲೇಳಲು ಗೋಡೆಗೆ ಮುಖ ಮಾಡಿ ನಿಂತು, ಕೈಬೆರಳುಗಳಲ್ಲಿ ದಿನಾ ಗೋಡೆ ಹತ್ತಬೇಕು. ದಿನದಿಂದ ದಿನಕ್ಕೆ ಇನ್ನಷ್ಟು ಮೇಲೆ.

‘ನಾನೆಂತ ಹಲ್ಲಿಯಾ ಮಾರಾಯ್ತಿ?’ ಎಂದು ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಎದೆಗೆ ಕೈಯೊತ್ತಿಕೊಂಡೇ ನಕ್ಕಳು.

ಆಮೇಲೆ ಕೊನೆಯ ಸಾಲು. ಆರು ವಾರಕ್ಕೆ ಸರಿಯಾಗಿ ವಾಪಸ್ ಬರಬೇಕು, ರೇಡಿಯೇಷನ್, ಅಂದರೆ ಕರೆಂಟಿನ ಟ್ರೀಟ್‌ಮೆಂಟ್, ಕೊಡಿಸಲು ದೂರದ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ, ತಡ ಮಾಡಕೂಡದು. ಅದನ್ನೂ ಹೇಳಿದೆ. ಅವಳು ಕಡೆಯುವುದನ್ನು ನಿಲ್ಲಿಸಿದಳು. ಆರು ವಾರ ಅಂದರೆ ಯಾವಾಗ ಬರುತ್ತದೆಂದು ಕೇಳಿದಳು. ಮನೆಗೆ ಓಡಿಹೋಗಿ ಕ್ಯಾಲೆಂಡರ್ ತಂದು ಎಣಿಸಿದೆ. ಮಗಳ ಮದುವೆಯ ವಾರ. ಹೊಸನಗರದ ಕಡೆಯ ಗಂಡು, ಮಾತು ಆಗಿಹೋಗಿತ್ತು.

‘ಈ ಕಡೇ ಸಾಲು ನಿನ್ ಹೊಟ್ಟೇಲಿ ಇಟ್ಕೋ ಮಗಾ. ಮನೇಲಿ ಗೊತ್ತಾದ್ರೆ ಮದುವೆ ಮುಂದೂಡ್ತಾರೆ. ನನ್ನವ್ವ ಬರ್ದಿದ್ದೆಲ್ಲ ನೀರಿಗೆ ಹೋತು. ಇವಳ ಹಸೆ ನಾನೇ ಬರೀಬೇಕು. ಮದುವೆ ಆದದ್ದೇ ಹೋಗ್ತೀನಿ.’

ನಾನು ಪ್ರಾಮಿಸ್ ಎಂದೆ. ಪ್ರಾಮಿಸ್ ಮುರಿಯುವುದು ಸುಳ್ಳಿಗಿಂತ ದೊಡ್ಡ ಪಾಪವೆಂದು ನಮಗೆ ಕಲಿಸಿದ್ದರು.

ಮರುದಿನದಿಂದಲೇ ಗೋಡೆ ಹತ್ತುವುದು ಶುರುವಾಯಿತು. ಬರೀ ಬೆರಳು ಆಡಿಸುವುದು ಅವಳಿಗೆ ಬೇಸರ. ಬೆರಳಿನ ತುದಿಯನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಅಡುಗೆ ಕೋಣೆಯ ಗೋಡೆಯ ಮೇಲೆ ಚುಕ್ಕಿ ಇಡುತ್ತ ಹತ್ತಿದಳು. ಅವಳು ಮುಟ್ಟಿದ ಎತ್ತರಕ್ಕೆ ನಾನು ಜಾಮೆಟ್ರಿ ಬಾಕ್ಸಿನ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆ. ಮೊದಲ ದಿನ ಸೊಂಟದ ಎತ್ತರ. ನಾಲ್ಕನೆಯ ದಿನ ಎದೆ. ಒಂದು ಗೇಣು ಏರಿದ್ದು ಒಮ್ಮೊಮ್ಮೆ ಮರುದಿನ ಎರಡು ಬೆರಳು ಇಳಿಯುತ್ತಿತ್ತು. ಆ ದಿನಗಳಲ್ಲಿ ಅವಳು ಸೆರಗು ಕಚ್ಚಿಕೊಂಡಿರುತ್ತಿದ್ದಳು.

ಮಗಳ ತೊಟ್ಟಿಲಿನ ಹಳೆಯ ಹಗ್ಗವನ್ನು ಗಂಡನಿಂದ ಜಂತಿಗೆ ಹಾಕಿಸಿಕೊಂಡಳು. ಅದರ ಒಂದು ತುದಿ ಬಲಗೈಯಲ್ಲಿ, ಇನ್ನೊಂದು ಎಡಗೈಯಲ್ಲಿ. ಎಡಗೈ ಎಳೆದರೆ ಬಲಗೈ ಮೇಲೇಳಬೇಕು. ಎಮ್ಮೆ ಕರೆಯಲು ಎಡಗೈಗೆ ಕಲಿಸಿದಳು; ಎಮ್ಮೆ ಒದೆಯಿತು, ಇವಳು ಅದಕ್ಕೆ ಬೈದಳು, ವಾರದಲ್ಲಿ ಇಬ್ಬರೂ ರಾಜಿಯಾದರು. ಅಮ್ಮ ಹೊಲಿದುಕೊಟ್ಟ ರವಿಕೆಯ ಬಲಗಡೆಗೆ ಹತ್ತಿ ತುಂಬಿದರೆ ಹಗುರವಾಗಿ ಮೇಲೇರುತ್ತಿತ್ತು. ಅವಳೇ ಹತ್ತಿಯ ನಡುವೆ ಒಂದು ಹಿಡಿ ರಾಗಿ ಸೇರಿಸಿ, ಕನ್ನಡಿಯ ಮುಂದೆ ನಿಂತು ತೂಗಿ ನೋಡಿದಳು. ‘ತಕ್ಕಡಿ ಸರಿ ಆತು’ ಎಂದಾಗ ಅಮ್ಮ ನಗಲಾರದೆ ಒಳಗೆ ಹೋದರು.

ಮದುವೆಗೆ ನಾಲ್ಕು ದಿನವಿರುವಾಗ ಗೋಡೆಗೆ ಕೆಮ್ಮಣ್ಣು ಬಳಿದರು. ನನ್ನ ಪೆನ್ಸಿಲ್ ಗೆರೆ ಅವಳ ಹಣೆಯ ಎತ್ತರದಲ್ಲಿ ನಿಂತುಬಿಟ್ಟಿತ್ತು, ಒಂದು ವಾರದಿಂದ ಕೂದಲೆಳೆಯಷ್ಟೂ ಮೇಲೆ ಹೋಗಿರಲಿಲ್ಲ. ಹಸೆಯ ಮೇಲ್ತುದಿ ಅದಕ್ಕಿಂತ ಒಂದು ಮೊಳ ಎತ್ತರ. ಕೆಳಗಿನ ಸಾಲುಗಳನ್ನೆಲ್ಲ ಉಸಿರು ಹಿಡಿದು, ಸ್ಕೇಲ್ ಇಟ್ಟಂತೆ ನೇರವಾಗಿ ಎಳೆದಳು. ಹಿಟ್ಟಿನ ಬಟ್ಟಲು ಹಿಡಿದು ನಿಂತಿದ್ದ ನನಗೆ ಅಳುವೇ ಬಂತು. ಇಷ್ಟೆಲ್ಲ ಮಾಡಿ ಇನ್ನು ತುದಿಯನ್ನು ಬೇರೆ ಯಾರೋ ಬರೆಯಬೇಕಲ್ಲ.

ಅವಳು ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಬಾಯರು, ಅಂದರೆ ಕಲಗಚ್ಚು, ಇಡುವ ಮರದ ದೋಣಿಯನ್ನು ಕಾಲಲ್ಲೇ ತಳ್ಳಿಕೊಂಡು ಬಂದಳು. ಮಗುಚಿ ಹಾಕಿ, ಅದರ ಮೇಲೆ ಹತ್ತಿ ನಿಂತಳು.

‘ಕೈ ಏರ್ದಿದ್ರೆ ಕಾಲು ಏರ್ಲಿ’ ಎಂದಳು.

ಮೇಲಿನ ಎರಡು ಮೂಲೆಗಳನ್ನೂ ಬರೆದು ಇಳಿದಾಗ ರವಿಕೆ ಬೆವರಿನಿಂದ ಒದ್ದೆಯಾಗಿತ್ತು. ಮೇಲಿನ ಗೆರೆ ಒಂದು ಕಡೆ ತುಸು ಬಾಗಿದೆಯೆಂದು ಅವಳೇ ತೋರಿಸಿದಳು. ತಿದ್ದಲಿಲ್ಲ. ಮದುವೆಯ ದಿನ ನೆಂಟರ ಪೈಕಿ ಯಾರೋ ಹಸೆ ಬರೆದವರು ಯಾರೆಂದು ಕೇಳಿದಾಗ, ಕಂಬದ ಹಿಂದೆ ನಿಂತು ಕೇಳಿಸಿಕೊಂಡಳು, ಮುಂದೆ ಬರಲಿಲ್ಲ.

ಆರು ವಾರ ಕಳೆದುಹೋಗಿತ್ತು. ಒಮ್ಮೆ ನೆನಪಿಸಿದೆ. ಮಗಳನ್ನು ಒಂದು ಸಲ ಕರೆದುಕೊಂಡು ಬಂದು ಕಳಿಸುತ್ತೇನೆ, ಆಮೇಲೆ ಎಂದಳು. ನಾನು ಶಿವಮೊಗ್ಗದ ಹಾಸ್ಟೆಲಿಗೆ ಹೊರಟುಹೋದೆ. ಅಮ್ಮನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಸ್ ಹತ್ತುವಾಗಲೂ ಅದು ಬಾಯಿಯ ತುದಿಯಲ್ಲಿತ್ತು. ಪ್ರಾಮಿಸ್ ಅಲ್ಲವೇ, ನುಂಗಿಕೊಂಡೆ.

ಶ್ರಾವಣದಲ್ಲಿ ಅಮ್ಮನ ಇನ್‌ಲ್ಯಾಂಡ್ ಲೆಟರ್ ಬಂತು. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತಂತೆ. ಕೊನೆಯ ವಾರದವರೆಗೂ ಎಡಗೈಯಲ್ಲೇ ಹಾಲು ಕರೆದು ಗಂಡನ ಕೈಲಿ ಕಳಿಸಿದ್ದಳಂತೆ.

ಆರು ವಾರಕ್ಕೆ ಸರಿಯಾಗಿ ಹೋಗಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರಾಗಿರುವ ನನ್ನ ಸೊಸೆಯನ್ನು ಹೋದ ವರ್ಷ ಕೇಳಿದೆ. ‘ಕಾಂಟ್ ಸೇ, ಅತ್ತೆ’ ಎಂದಳು. ಮೊನ್ನೆ ನನ್ನ ಭುಜದ ಆಪರೇಷನ್ ಆದ ಮೇಲೆ, ಎಕ್ಸರ್‌ಸೈಜ್ ಹೇಳಿಕೊಡಲು ಬಂದ ಹುಡುಗಿ ಗೋಡೆ ತೋರಿಸುವ ಮೊದಲೇ ನಾನು ಎದ್ದು ಗೋಡೆಗೆ ಮುಖ ಮಾಡಿ ನಿಂತೆ. ಬೆರಳು ಹತ್ತುತ್ತವೆ. ನೋವಾದಾಗ ಸೆರಗು ಕಚ್ಚುತ್ತೇನೆ. ಹಾಲಿನಕ್ಕನಿಂದ ಕಲಿತದ್ದು ನನ್ನ ಮೈಗೆ ಹೀಗೆ ಉಪಯೋಗಕ್ಕೆ ಬರುತ್ತಿರುವುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವಳು ತೀರಿಕೊಂಡ ವರ್ಷದ ದಸರಾ ಹಾಲಿಡೇಸಿನಲ್ಲಿ ದಿಬ್ಬದ ಮನೆಗೆ ಹೋಗಿದ್ದೆ. ಮಗಳು ಹೊಸನಗರದಿಂದ ಬಂದಿದ್ದಳು. ಹಸೆ ಹಾಗೆಯೇ ಇತ್ತು. ಡಬ್ಬಿಯಿಂದ ಅವಳು ಆಸ್ಪತ್ರೆಯ ಆ ಕಾಗದ ತೆಗೆದು ನನ್ನ ಕೈಗಿಟ್ಟಳು.

‘ಅವ್ವ ಇದನ್ನ ಯಾರಿಗೂ ತೋರಿಸ್ಲಿಲ್ಲ. ಎಂತ ಬರ್ದಾರೆ ಓದಿ ಹೇಳೇ.’

ನಾನು ಓದಿದೆ. ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಬೆರಳಲ್ಲಿ ದಿನಾ ಗೋಡೆ ಹತ್ತಬೇಕು, ಇನ್ನಷ್ಟು ಮೇಲೆ. ಕಣ್ಣು ಕೊನೆಯ ಸಾಲಿಗೆ ಬಂತು. ತಲೆಯೆತ್ತಿದರೆ ಎದುರಿಗೇ ಮದುವೆಯ ಹಸೆ, ಮೇಲಿನ ಬಾಗಿದ ಗೆರೆ. ಅದರ ಕೆಳಗೆ ತಾಳಿ ಮುಟ್ಟಿಕೊಂಡು ಅವಳು ನಿಂತಿದ್ದಳು.

‘ಅಷ್ಟೇನಾ?’ ಎಂದಳು.

‘ಅಷ್ಟೇ’ ಎಂದು ಕಾಗದ ಮಡಚಿ ಕೊಟ್ಟೆ.