ಗೋಧಿ ಇಲ್ಲ ಸಾರ್, ಬರೀ ರವೆ

ನನ್ನ ಹೊಟ್ಟೆಗೂ ಸರ್ಕಾರಕ್ಕೂ ಯಾವತ್ತೂ ಸರಿಹೋಗಲಿಲ್ಲ. ಅರವತ್ತರ ದಶಕದಲ್ಲಿ ಅಕ್ಕಿಗೆ ಅಭಾವ ಬಂತು. ರೇಷನ್ ಅಂಗಡಿಯವನು ಅಕ್ಕಿಯನ್ನು ಪಾವಿನಲ್ಲೂ ಗೋಧಿಯನ್ನು ಸೇರಿನಲ್ಲೂ ಅಳೆಯುತ್ತಿದ್ದ. ಎಲ್ಲರೂ ಗೋಧಿ ತಿನ್ನಬೇಕು, ಅದೇ ಈಗಿನ ದೇಶಸೇವೆ ಎಂದು ದೊಡ್ಡವರು ಭಾಷಣ ಮಾಡುತ್ತಿದ್ದರು. ಸರಿಯಾಗಿ ಅದೇ ಸಮಯ ನೋಡಿಕೊಂಡು ನನ್ನ ಹೊಟ್ಟೆ ಗೋಧಿಯ ಮೇಲೆ ಅಸಹಕಾರ ಚಳವಳಿ ಹೂಡಿತು. ಸ್ವಾತಂತ್ರ್ಯ ಬರುವ ಕಾಲದಲ್ಲಿ ನಾನು ಒಂದು ದಿನವೂ ಜೈಲು ನೋಡಿದವನಲ್ಲ. ಆ ಕೊರತೆಯನ್ನು ಹೊಟ್ಟೆ ಹೀಗೆ ತೀರಿಸಿಕೊಂಡಿತೆಂದು ಕಾಣುತ್ತದೆ.

ಆಗ ನಾವು ಜಯನಗರದಲ್ಲಿ ಹೊಸದಾಗಿ ಮನೆ ಮಾಡಿದ್ದೆವು. ಬಡಾವಣೆಯೂ ಹೊಸದು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಖಾಲಿ ಸೈಟುಗಳಿದ್ದು, ಪಕ್ಕದ ಮನೆಯವರನ್ನು ಪಕ್ಕದವರೆನ್ನಲು ಸ್ವಲ್ಪ ಔದಾರ್ಯ ಬೇಕಾಗುತ್ತಿತ್ತು. ಮನೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ ಕಮಲು, ಅವಳ ತಾಯಿ. ನಮ್ಮತ್ತೆ ಹಳೆಯ ಕಾಲದವರು. ಅಳಿಯನ ಎದುರು ನಿಂತು ಮಾತಾಡುವುದು ಅವರ ಶಾಸ್ತ್ರದಲ್ಲಿ ಇರಲಿಲ್ಲ. ಏನು ಹೇಳಬೇಕಾದರೂ ಅಡುಗೆಮನೆಯ ಬಾಗಿಲ ಹಿಂದಿನಿಂದ, ಮಗಳಿಗೆ ಹೇಳಿದ ಹಾಗೆ ನನಗೆ ಹೇಳುತ್ತಿದ್ದರು.

ವಿಲಾಯಿತಿಯಲ್ಲಿ ಓದಿ ಬಂದಿದ್ದ ಡಾಕ್ಟರೊಬ್ಬರು ನನ್ನನ್ನು ಮಲಗಿಸಿ, ತಟ್ಟಿ, ಕೊನೆಗೆ ತೀರ್ಪು ಕೊಟ್ಟರು. "ನೋಡಿ, ಗೋಧೀಲಿ ಒಂದು ಥರ ಅಂಟಿದೆ. ಗ್ಲೂಟೆನ್ ಅಂತಾರೆ. ಅದು ನಿಮ್ಮ ಕರುಳಿಗೆ ಆಗಲ್ಲ. ಗೋಧೀನ ಪೂರ್ತಿ ಬಿಟ್ಬಿಡಿ. ಇವತ್ತು ನಾಳೆ ಅಲ್ಲ, ಜನ್ಮಕ್ಕೇ." ಈ ಸುದ್ದಿಯಲ್ಲಿ ಅಂಟು ಎಂಬ ಮಾತು ಮಾತ್ರ ಖಾಲಿ ಸೈಟುಗಳನ್ನು ದಾಟಿ ಶಾರದಮ್ಮನವರ ಮನೆ ಸೇರಿತು. ಶಾರದಮ್ಮನವರೆಂದರೆ ಆ ನಮ್ಮ ಪಕ್ಕದ ಮನೆಯವರು. "ನಿಮ್ಮೆಜಮಾನ್ರಿಗೆ ಅಂಟುಜಾಡ್ಯವಂತಲ್ಲ ಕಮಲಮ್ಮ?" ಎಂದು ಗೇಟಿನಾಚೆಯಿಂದಲೇ ವಿಚಾರಿಸಿದವರು, ಆಮೇಲೆ ಕೆಲವು ದಿನ ಕಾಫಿಪುಡಿ ಸಾಲ ಕೇಳಲು ಬರಲಿಲ್ಲ. ಡಾಕ್ಟರ ಚಿಕಿತ್ಸೆಯಲ್ಲಿ ಮೊದಲು ಗುಣ ಕಂಡದ್ದು ಅಲ್ಲೇ.

ಮನೆಯೂಟದಲ್ಲಿ ಗೋಧಿ ಬಿಡುವುದು ಕಷ್ಟವೇನಲ್ಲ. ಅನ್ನ ಸಾಲದಿದ್ದರೆ ರಾಗಿಯಿದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಾನು ಎಂಬ ಮಾತೂ ಇದೆ, ನನಗೆ ಕೀಳಬೇಕಾದ ಬೆಟ್ಟ ಯಾವುದೂ ಇಲ್ಲದಿದ್ದರೂ. ನನ್ನ ಸಂಕಟವಿದ್ದದ್ದು ಹೋಟೆಲಿನಲ್ಲಿ. ಶನಿವಾರ ಸಾಯಂಕಾಲ ಕಮಲುವನ್ನು ಕರೆದುಕೊಂಡು ಬಸವನಗುಡಿಯ ಕಡೆಗೆ ನಡೆದು ಹೋಗಿ ತಿಂಡಿ ತಿಂದು ಬರುವುದು ನನ್ನ ಏಕೈಕ ವಿಲಾಸ. ಬೆಂಗಳೂರಿನ ಹೋಟೆಲು ನಿಂತಿರುವುದೇ ರವೆಯ ತಳಪಾಯದ ಮೇಲೆ ಎಂಬುದು ರವೆ ಬಿಟ್ಟವನಿಗೆ ಮಾತ್ರ ಗೊತ್ತಾಗುತ್ತದೆ. ಖಾರಾಬಾತು ರವೆ, ಕೇಸರಿಬಾತು ರವೆ, ರವೆ ಇಡ್ಲಿ ಹೆಸರಿನಲ್ಲೇ ರವೆ. ಅಕ್ಕಿಯ ಅಭಾವದಲ್ಲಿ ದೋಸೆ ಹಿಟ್ಟಿಗೂ ಮೈದಾ ಬೆರೆಯುತ್ತಿತ್ತು. ಉಳಿದದ್ದು ಪೂರಿ, ಅದೂ ಪ್ರಯೋಜನವಿಲ್ಲ.

ನಾವು ಹೋಗುತ್ತಿದ್ದ ಹೋಟೆಲಿನ ಯಜಮಾನರು ಭಟ್ಟರು, ಗಲ್ಲಾದಲ್ಲಿ ಕೂತಿರುತ್ತಿದ್ದ ಸಜ್ಜನರು. ಅವರನ್ನೇ ಕೇಳಿದೆ.

"ಭಟ್ರೇ, ಗೋಧಿ ಹಾಕದೇ ಇರೋದು ಏನಿದೆ?"

"ಗೋಧಿಯಾ? ನಮ್ಮಲ್ಲಿ ಗೋಧಿಯೇ ಇಲ್ಲ ಸಾರ್. ಖಾರಾಬಾತ್ ತಗೊಳ್ಳಿ, ಬಿಸಿ ಇದೆ."

"ಖಾರಾಬಾತ್‌ನಲ್ಲಿ?"

"ಗೋಧಿ ಇಲ್ಲ ಸಾರ್, ಬರೀ ರವೆ."

"ಪೂರಿ?"

"ಅದು ಮೈದಾ ಅಲ್ವಾ ಸಾರ್!"

ವಿಷ್ಣು ಹತ್ತು ಅವತಾರ ಎತ್ತಿದರೂ ಒಬ್ಬನೇ ಎಂದು ಒಪ್ಪುವ ಜನ, ರವೆಯೂ ಮೈದಾವೂ ಶ್ಯಾವಿಗೆಯೂ ಒಂದೇ ಗೋಧಿಯ ಅವತಾರಗಳೆಂದು ಒಪ್ಪಲು ತಯಾರಿಲ್ಲ. ನಾನು ಹೊಟ್ಟೆ, ಕರುಳು, ಅಂಟು ಎಂದು ವಿವರಿಸಹೊರಟೆ. ಭಟ್ಟರ ಮುಖ ಸಣ್ಣಗಾಯಿತು. "ಇಷ್ಟು ವರ್ಷ ಆಯ್ತು ಹೋಟ್ಲು ಇಟ್ಟು, ನಮ್ಮ ತಿಂಡಿ ತಿಂದು ಹೊಟ್ಟೆ ಕೆಟ್ಟಿತು ಅಂದವರು ನೀವೇ ಮೊದಲು ಸಾರ್. ಸ್ವಲ್ಪ ತಗೊಳ್ಳಿ, ಏನೂ ಆಗುವುದಿಲ್ಲ" ಎಂದರು.

ಈ 'ಸ್ವಲ್ಪ ತಗೊಳ್ಳಿ, ಏನೂ ಆಗಲ್ಲ' ಎಂಬ ವಾಕ್ಯ ನನ್ನನ್ನು ಎಲ್ಲ ಕಡೆ ಅಟ್ಟಿಸಿಕೊಂಡು ಬಂದಿದೆ. ಮದುವೆಯಲ್ಲಿ, ಮುಂಜಿಯಲ್ಲಿ, ಆಫೀಸಿನ ಬೀಳ್ಕೊಡುಗೆಯಲ್ಲಿ ಎಲ್ಲೆಲ್ಲೂ ಅದೇ. ಎದುರಿನವನ ಹೊಟ್ಟೆಯ ವಿಷಯದಲ್ಲಿ ನಮ್ಮ ಜನಕ್ಕಿರುವ ಧೈರ್ಯ ಅಪಾರ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಎರಡನ್ನೂ ಬಲ್ಲವನಲ್ಲ. ಕಮಲು ಮಾತು ಬಲ್ಲವಳು. ಅವಳು ಸೆರಗು ಸರಿಮಾಡಿಕೊಂಡು, "ಅವರಿಗೆ ವ್ರತ ಭಟ್ರೇ" ಎಂದಳು.

ಭಟ್ಟರು ಎದ್ದು ನಿಂತರು. "ಹೌದಾ ತಾಯಿ? ಯಾವ ವ್ರತ?"

"ಬನಶಂಕರಮ್ಮನ ವ್ರತ. ಗೋಧಿ, ರವೆ, ಮೈದಾ, ಮೂರೂ ಮುಟ್ಟೋ ಹಾಗಿಲ್ಲ."

ಮುಂದಿನದು ನೋಡುವಂತಿತ್ತು. ಕಾವಲಿ ತೊಳೆಸಿದರು, ಮೈದಾ ಬೆರೆಸದ ಬೇರೆ ಹಿಟ್ಟಿನಲ್ಲಿ ದೋಸೆ ಹುಯ್ಯಿಸಿದರು, ಸಾಂಬಾರು ಬೇಡವೆಂದು ತಾವೇ ತಡೆದರು. "ಇಂಗಿಗೂ ಗೋಧಿ ಹಿಟ್ಟು ಬೆರೆಸ್ತಾರೆ ಸಾರ್, ವ್ರತಭಂಗ ಆದೀತು. ಚಟ್ನಿ ಹಾಕಿಸ್ತೇನೆ." ನನ್ನ ಹೊಟ್ಟೆಯ ಸಲುವಾಗಿ ರವೆಯಲ್ಲಿ ಗೋಧಿ ಕಾಣದ ಮನುಷ್ಯ, ಅಮ್ಮನವರ ಸಲುವಾಗಿ ಇಂಗಿನಲ್ಲಿ ಗೋಧಿ ಕಂಡರು! ಆವತ್ತು ನನಗೆ ಸತ್ಯ ಹೊಳೆಯಿತು. ನಮ್ಮ ದೇಶದಲ್ಲಿ ಹೊಟ್ಟೆಗೆ ಮರ್ಯಾದೆಯಿಲ್ಲ, ವ್ರತಕ್ಕೆ ಇದೆ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಯಾವ ಪದಾರ್ಥ ಯಾವುದಕ್ಕೆ ತಗುಲಿತು, ಯಾವ ಸೌಟು ಯಾವ ಪಾತ್ರೆಗೆ ಬಿತ್ತು ಎಂಬ ಸೂಕ್ಷ್ಮವನ್ನು ನಮ್ಮ ಅಡುಗೆಮನೆಗಳು ಬಹಳ ಹಿಂದೆಯೇ ಕಲಿತಿವೆ. ಅನ್ನ ಮುಟ್ಟಿದ ಕೈ ಮುಸುರೆ, ಆ ಕೈಯಲ್ಲಿ ಮಜ್ಜಿಗೆ ಗಡಿಗೆ ಮುಟ್ಟುವಂತಿಲ್ಲ. ಡಾಕ್ಟರು ನನಗೆ ಹೇಳಿದ್ದೂ ಇಷ್ಟೇ, ಮುಸುರೆ ಅನ್ನದ್ದಲ್ಲ, ಗೋಧಿಯದ್ದು. ತೊಡಕಿದ್ದದ್ದು ಒಂದೇ. ನಮ್ಮ ವ್ರತಗಳೆಲ್ಲ ಅಕ್ಕಿಯ ಮೇಲೆ ಮುನಿಸಿಕೊಂಡಿವೆ, ಗೋಧಿಗೆ ಎಲ್ಲ ಮಾಫಿ. ಏಕಾದಶಿಯ ದಿನ ಒಂದು ಅಗುಳು ಅನ್ನ ಪಾಪ, ಒಂದು ಬೋಗುಣಿ ಉಪ್ಪಿಟ್ಟು ಉಪವಾಸ. ಹಾಗಾಗಿ ನನಗೊಂದು ಹೊಸ ವ್ರತವೇ ಬೇಕಾಗಿತ್ತು. ಕಾಯಿಪಲ್ಲೆಯ ತಾಯಿಯಾದ ನಮ್ಮ ಬನಶಂಕರಿ ಗೋಧಿಯ ಪರವಾಗಿ ಜಗಳಕ್ಕೆ ಬರಲಾರಳೆಂಬುದು ಕಮಲುವಿನ ಲೆಕ್ಕ.

ವ್ರತ ಅಂದಮೇಲೆ ಪ್ರಸಾದ ಬೇಕಲ್ಲ. ಅದೂ ತಾನಾಗಿ ಒದಗಿತು. ಬೇಕರಿಯ ಮುಂದೆ ಹಾದುಹೋಗುವಾಗ ನಾನು ಮೂಗರಳಿಸಿ ನಿಲ್ಲುವುದನ್ನು ಕಂಡು ಕಮಲುವಿಗೆ ಕನಿಕರವಾಗಿ, ಮನೆಯಲ್ಲೇ ರಾಗಿ ಕೇಕು ಮಾಡಲು ಹೊರಟಳು. ಹಳೆಯ ಬಾಣಲೆಯಲ್ಲಿ ಮರಳು, ಅದರ ಮೇಲೆ ಪಾತ್ರೆ, ಮುಚ್ಚಳದ ಮೇಲೆ ಕೆಂಡ. ಅತ್ತೆಯಿರುವ ಮನೆಯಲ್ಲಿ ಮೊಟ್ಟೆಯ ಮಾತೇ ಇಲ್ಲ. ಮೊದಲನೆಯ ಕೇಕು ಪಾತ್ರೆಯಿಂದ ತಟ್ಟೆಗೆ ಬರುವಷ್ಟರಲ್ಲಿ ವಿಭೂತಿಯಾಯಿತು. ಡಾಕ್ಟರು ಬೈದ ಆ ಅಂಟು ಅಡುಗೆಯಲ್ಲಿ ಎಷ್ಟು ದೊಡ್ಡ ಗುಣವೆಂದು ಆಗ ಗೊತ್ತಾಯಿತು. ಆಮೇಲೆ ಬಾಳೆಹಣ್ಣು ಕಿವಿಚಿ, ಮೊಸರು ಬೆರೆಸಿ ಒಂದುಗೂಡಿಸಿದಳು. ಒಂದುಗೂಡಿತು, ಆದರೆ ರುಚಿ ನೋಡಿದರೆ ಬೆಲ್ಲ ಹಾಕಿದ ಮುದ್ದೆ. ಅದನ್ನು ಮರೆಸಲು ರಾಮನವಮಿ ಪಾನಕದ ನೆನಪಾಗಿ ಮೆಣಸು, ಒಣಶುಂಠಿ, ಏಲಕ್ಕಿ ಕುಟ್ಟಿ ಹಾಕಿದಳು. ಸಾಲದೆಂದು ಲವಂಗ. ಯಾವ ಧೈರ್ಯದಲ್ಲೋ ಒಂದು ಚಿಟಿಕೆ ಬ್ಯಾಡಗಿ ಮೆಣಸಿನಪುಡಿಯೂ ಬಿತ್ತು. ಆ ಕೇಕು ತಿಂದವರು ಮೊದಲು "ಸಿಹಿ" ಎನ್ನುತ್ತಿದ್ದರು, ಆಮೇಲೆ "ನೀರು" ಎನ್ನುತ್ತಿದ್ದರು. ನಾನು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡೇ ಎರಡನೇ ತುಂಡಿಗೆ ಕೈಚಾಚುತ್ತಿದ್ದೆ. ಕೇಕು ಎಂಬ ಹೆಸರಿನದೊಂದು ಬಾಯಿಗೆ ಬಿದ್ದು ಎಷ್ಟೋ ಕಾಲವಾಗಿತ್ತು.

ಅಷ್ಟರಲ್ಲಿ ವ್ರತದ ಸುದ್ದಿಯೂ ಖಾಲಿ ಸೈಟುಗಳನ್ನು ದಾಟಿತ್ತು. ಶಾರದಮ್ಮನವರು ತಿಂದು, ನೀರು ಕುಡಿದು, "ಇದು ಆ ವ್ರತದ ಪ್ರಸಾದವೇನ್ರೀ?" ಎಂದರು. ಕಮಲು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮಗನ ಕೆಲಸ ಕಾಯಮಾಗಲಿ ಎಂದು ಅವರೂ ಗೋಧಿ ಬಿಟ್ಟರು. ಮಗನ ಕೆಲಸ ಕಾಯಮಾಗಿಯೇಬಿಟ್ಟಿತು. ಇನ್ನು ಕೇಳಬೇಕೆ? ಶುಕ್ರವಾರ ಬಂತೆಂದರೆ ನಮ್ಮ ಬೀದಿಯ ಅಡುಗೆಮನೆಗಳಲ್ಲಿ ಮರಳು ಕಾಯುವ ವಾಸನೆ. ಸರ್ಕಾರ ಇಷ್ಟು ಖರ್ಚು ಮಾಡಿ ಗೋಧಿ ತಿನ್ನಿಸಲಾಗದ ಬೀದಿಯಲ್ಲಿ, ಕಮಲು ಒಂದೇ ಮಾತಿನಲ್ಲಿ ಗೋಧಿ ಬಿಡಿಸಿದ್ದಳು. ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ನಗು ನಿಂತದ್ದು ಒಂದು ಏಕಾದಶಿಯ ದಿನ. ಅತ್ತೆ ತುಳಸಿಗೆ ನೀರು ಹಾಕುತ್ತಿದ್ದವರು ತಲೆ ಸುತ್ತಿ ಕಟ್ಟೆ ಹಿಡಿದು ಕೂತುಬಿಟ್ಟರು. ಏಕಾದಶಿಗೆ ಅವರು ಒಪ್ಪತ್ತು ಉಪ್ಪಿಟ್ಟು ತಿನ್ನುವುದು ರೂಢಿ. ಹಲ್ಲಿಲ್ಲದ ಬಾಯಿಗೆ ಅದೊಂದೇ ಮೆತ್ತಗಿನ ಆಹಾರ. ಅಕ್ಕಿ ಸಂಬಂಧದ್ದು ಅವಲಕ್ಕಿಯೂ ಕೂಡದು, ರಾಗಿ ತಿಂದರೆ ಊಟ ಮಾಡಿದ ಹಾಗೆಯೇ. ಮಡಿಯಲ್ಲಿ ತಾವೇ ಮಾಡಿಕೊಳ್ಳುತ್ತಿದ್ದರಿಂದ, ಮಾಡಿಕೊಂಡರೋ ಇಲ್ಲವೋ ನಮಗೆ ತಿಳಿಯುವಂತಿರಲಿಲ್ಲ. ಕಮಲು ಹೋಗಿ ಅವರ ರವೆ ಡಬ್ಬಿ ತೆಗೆದು ನೋಡಿದಳು. ತುಂಬಿದ್ದು ತುಂಬಿದ ಹಾಗೇ ಇತ್ತು, ಮೇಲೆ ಹುಳು ಬಿದ್ದಿತ್ತು.

"ಯಾಕಮ್ಮಾ ಹೀಗೆ ಮಾಡಿದೆ?"

ಅತ್ತೆ ಬಾಗಿಲ ಹಿಂದಿನಿಂದ ಹೇಳಿದ್ದು ನನಗೂ ಕೇಳಿಸಿತು. "ಅಳಿಯಂದಿರು ಗೋಧಿ ಬಿಟ್ಟು ವ್ರತ ಹಿಡಿದಿರೋವಾಗ, ಅವರ ಮನೇಲಿ ಕೂತು ನಾನು ಉಪ್ಪಿಟ್ಟು ತಿನ್ನಲಾ? ವ್ರತ ಕೆಟ್ಟು ಅವರ ಹೊಟ್ಟೆನೋವು ಮತ್ತೆ ಬಂದ್ರೆ?"

ಅಲ್ಲಿಗೆ ಏಕಾದಶಿ ಅನ್ನ ತೆಗೆದಿತ್ತು, ನಾವು ಉಪ್ಪಿಟ್ಟು ತೆಗೆದಿದ್ದೆವು. ಮುದುಕಿ ಒಂದು ಬಾಳೆಹಣ್ಣು, ಒಂದು ಲೋಟ ನೀರಿನಲ್ಲಿ ದಿನ ದೂಡುತ್ತಿದ್ದರು, ನನ್ನ ಹೊಟ್ಟೆಗಾಗಿ. ನನ್ನ ಕರುಳು ಚುರುಕ್ಕೆಂದಿತು. ಗೋಧಿ ತಿನ್ನದೆಯೂ ನೋಯುವ ಕರುಳೊಂದಿದೆ ಎಂದು ವಿಲಾಯಿತಿ ಡಾಕ್ಟರು ಹೇಳಿರಲಿಲ್ಲ.

ವ್ರತವೂ ಇಲ್ಲ ಎಂಥದ್ದೂ ಇಲ್ಲ, ಭಟ್ಟರ ಬಾಯಿ ಮುಚ್ಚಿಸಲು ಆಡಿದ ಮಾತು ಎಂದು ಕಮಲು ಬಿಡಿಸಿ ಹೇಳಿದಳು. ಅತ್ತೆ ಒಪ್ಪಲಿಲ್ಲ. "ಸುಳ್ಳು ವ್ರತ ಆಗಿದ್ರೆ ಅವರ ಹೊಟ್ಟೆನೋವು ಹೆಂಗೆ ಹೋಯ್ತು? ಶಾರದಮ್ಮನ ಮಗನ ಕೆಲಸ ಹೆಂಗೆ ಕಾಯಂ ಆಯ್ತು?" ತರ್ಕಶಾಸ್ತ್ರ ಓದಿದವರಿಗೂ ಇದಕ್ಕೆ ಉತ್ತರ ಕೊಡುವುದು ಕಷ್ಟ. "ಹಿಡಿದ ವ್ರತ ಸುಮ್ಮನೆ ಬಿಡಕ್ಕಾಗಲ್ಲ. ಉದ್ಯಾಪನೆ ಮಾಡಬೇಕು. ಬಿಟ್ಟ ಪದಾರ್ಥಾನ ಅಮ್ಮನವರ ಮುಂದೆ ಇಟ್ಟು, ಹಿಡಿದವರೇ ಮೊದಲು ತಿನ್ನಬೇಕು. ಆಮೇಲೆ ನಾನು ತಿಂತೀನಿ."

ಡಾಕ್ಟರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಬೇಡವೆನ್ನುತ್ತಿದ್ದರು, ಅತ್ತೆ ಹಸಿದುಕೊಂಡೇ ಇರುತ್ತಿದ್ದರು. ಶುಕ್ರವಾರ ದೇವರ ಮುಂದೆ ಹೊಸ ರವೆಯ ಉಪ್ಪಿಟ್ಟಿನ ನೈವೇದ್ಯವಾಯಿತು. ನನ್ನ ಎಲೆಗೆ ಒಂದು ಸೌಟು ಬಿತ್ತು. ಹುತಾತ್ಮನ ಮುಖ ಮಾಡಿಕೊಂಡು ಬಾಯಿಗಿಟ್ಟೆ. ಈರುಳ್ಳಿಯಿಲ್ಲ, ಮೇಲೆ ತುಪ್ಪ, ಕಡಲೆಬೇಳೆ, ಕರಿಬೇವು, ಹಸಿಶುಂಠಿ. ಸತ್ಯ ಹೇಳುತ್ತೇನೆ, ಎರಡನೇ ಸೌಟನ್ನು ನಾನೇ ಕೇಳಿ ಹಾಕಿಸಿಕೊಂಡೆ. ತ್ಯಾಗ ಇಷ್ಟು ರುಚಿಯಾಗಿರುತ್ತದೆಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ.

ಸಾಯಂಕಾಲದೊಳಗೆ ಹೊಟ್ಟೆ ತನ್ನ ಲೆಕ್ಕ ಚುಕ್ತ ಮಾಡಿತು. ನಾನು ಮಂಚದ ಮೇಲೆ ಮುದುರಿಕೊಂಡಿದ್ದಾಗ ಬಾಗಿಲಲ್ಲಿ ಅತ್ತೆಯ ನೆರಳು ಕಾಣಿಸಿತು. ನೆರಳು ಹೊಸ್ತಿಲು ದಾಟಿ ಒಳಗೆ ಬಂತು. ಕೈಯಲ್ಲಿ ಮಜ್ಜಿಗೆಯ ಲೋಟ ಹಿಡಿದು, ಮದುವೆಯಾದಾಗಿನಿಂದ ಮೊದಲ ಸಲ ನನ್ನ ಎದುರಿಗೇ ನಿಂತಿದ್ದರು.

"ಇದು ವ್ರತದ್ದಲ್ವಾ? ನಿಜವಾಗ್ಲೂ ಹೊಟ್ಟೇದೇನಾ?"

"ಹೊಟ್ಟೇದೇ ಅತ್ತೆ. ಅವತ್ತೇ ಹೇಳಿದ್ವಲ್ಲ."

"ಹೇಳಿದ್ರಿ" ಎಂದರು. "ತಿಂದು ತೋರಿಸಿರಲಿಲ್ಲ." ಲೋಟವನ್ನು ನನ್ನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು ಹೋದರು. ಮುಂದಿನ ಏಕಾದಶಿಗೆ ಉಪ್ಪಿಟ್ಟು ಮಾಡಿಕೊಂಡು ತಿಂದರು, ನನಗೆ ವಾಸನೆ ಬರದಿರಲೆಂದು ಹಿತ್ತಲ ಬಾಗಿಲು ತೆರೆದಿಟ್ಟು.

ಕೆಲವು ತಿಂಗಳ ಮೇಲೆ ಬಸವನಗುಡಿಯಲ್ಲಿ ನಂಟರ ಮದುವೆ. ಪಂಕ್ತಿಯಲ್ಲಿ ಚಿರೋಟಿಯ ಬುಟ್ಟಿ ನನ್ನ ಎಲೆಯ ಮುಂದೆ ನಿಂತಿತು. ನಾನು ಬೇಡವೆಂದೆ. ಬಡಿಸುವವನು ಅದೇ ಹಳೆಯ ರಾಗ ತೆಗೆದ, "ಸ್ವಲ್ಪ ತಗೊಳ್ಳಿ ಸಾರ್, ಏನೂ ಆಗಲ್ಲ." ಉದ್ಯಾಪನೆಯಾದ ವ್ರತವನ್ನು ಮತ್ತೆ ಎಬ್ಬಿಸಲು ನನಗೆ ನಾಲಗೆ ಬರಲಿಲ್ಲ. ಚಿರೋಟಿ ಎಲೆಗೆ ಬೀಳುವುದರಲ್ಲಿತ್ತು. ಎದುರಿನ ಹೆಂಗಸರ ಪಂಕ್ತಿಯಿಂದ ದನಿ ಬಂತು.

"ಅವರಿಗೆ ವ್ರತ ಕಣಪ್ಪಾ! ಬಲವಂತ ಮಾಡಬೇಡ."

ಅತ್ತೆಯ ದನಿ. ಹತ್ತು ಜನರೆದುರು ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಯಾವ ವ್ರತ ಅಜ್ಜಿ?" ಎಂದ ಅವನು. "ನಿನಗ್ಯಾಕೆ? ಮುಂದಿನ ಎಲೆಗೆ ಹೋಗು" ಎಂದರು. ಬುಟ್ಟಿ ಮುಂದಿನ ಎಲೆಗೆ ಹೋಯಿತು.

ಏಕಾದಶಿಗೆ ಒಂದು ತುತ್ತು ಉಪ್ಪಿಟ್ಟಿನ ಆಸೆಗೂ ನೇಮ ತಪ್ಪದ ಹೆಂಗಸು, ನನ್ನ ಎಲೆಗೆ ಒಂದು ಚಿರೋಟಿ ಬೀಳದಿರಲೆಂದು ಇಡೀ ಛತ್ರದ ಎದುರು ಹಸಿ ಸುಳ್ಳು ಹೇಳಿದ್ದರು. ಕೈತೊಳೆಯುವ ಕಡೆ ಸಿಕ್ಕಾಗ ನಾನು ಮೆಲ್ಲಗೆ, "ಅತ್ತೆ, ಉದ್ಯಾಪನೆ ಆಗಿತ್ತಲ್ಲ?" ಎಂದೆ. "ಅದು ನಿಮ್ಮ ವ್ರತ" ಎಂದರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ. "ಇದು ನಂದು."

ಡಾಕ್ಟರು ನನಗೆ ಬಿಡಲು ಹೇಳಿದ್ದು ಅಂಟನ್ನು. ನಂಟಿನ ಸುದ್ದಿ ಅವರು ಎತ್ತಿರಲಿಲ್ಲ.