ಊಟದಕ್ಕನ ಕೈಗುಣ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಊಟದಕ್ಕ ಅಂತಲೇ ಕರೆಯುತ್ತಿದ್ದರು. ಅವಳು ಅಡುಗೆಯವಳಲ್ಲ, ಡಾಕ್ಟರೂ ಅಲ್ಲ. ಗಾಜಿನ ಬಾಗಿಲಿನ ಬೆಚ್ಚನೆಯ ಪೆಟ್ಟಿಗೆಯೊಳಗೆ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಯುವ ಮನುಷ್ಯರ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಸಾಕುವುದು ಅವಳ ಕೆಲಸ. ದಿನವೂ ಹಳೆಯ ದ್ರವ ತೆಗೆದು, ಗುಲಾಬಿ ಬಣ್ಣದ ಹೊಸ ದ್ರವ ಹಾಕಬೇಕು; ಅದೇ ಅವುಗಳ ಊಟ. ಜ್ವರ ಬಂತು ಅಂತಿಲ್ಲ, ನೆಂಟರ ಮನೆ ಮದುವೆ ಅಂತಿಲ್ಲ. ಒಂದು ದಿನ ತಪ್ಪಿದರೆ ಮುನಿಸಿಕೊಂಡು ಏನೇನೋ ಆಗಿಬಿಡುತ್ತವೆ. ಹೆತ್ತ ಮಕ್ಕಳೂ ಇಷ್ಟು ಹಟ ಮಾಡುವುದಿಲ್ಲ ಬಿಡಿ! ಭಾನುವಾರ ಮಾತ್ರ ಸರದಿಯ ಮೇಲೆ ಬೇರೆ ಯಾರಾದರೂ ಬರುತ್ತಿದ್ದರು. ಆದರೂ ಊಟದಕ್ಕ ಭಾನುವಾರವೂ ಬರುತ್ತಿದ್ದಳು. ಒಂದು ಸಾಲಿನ ತಟ್ಟೆಗಳನ್ನು ಅವಳು ಯಾರ ಕೈಗೂ ಬಿಡುತ್ತಿರಲಿಲ್ಲ.

ಅವು ಅವಳ ತಮ್ಮನವು.

ತಮ್ಮನಿಗೆ ಹುಟ್ಟಿನಿಂದಲೇ ಸ್ನಾಯು ಸವೆಯುವ ಕಾಯಿಲೆ. ಶಾಲೆಗೆ ಹೋಗುವಾಗ ಅವಳು ಯಾವಾಗಲೂ ಮುಂದೆ, ಅವನು ಎಲ್ಲೋ ಹಿಂದೆ. "ಬೇಗ ಬಾರೋ, ಬೆಲ್ ಹೊಡೀತು!" ಅಂತ ಇವಳು ತಿರುತಿರುಗಿ ಕೂಗುವುದು, "ಬಂದೆ ಇರೇ ಅಕ್ಕ" ಅಂತ ಅವನು ಗೋಡೆ ಹಿಡಿದು ನಿಲ್ಲುವುದು. ಅವನಿಗೆ ಎಲ್ಲವೂ ನಿಧಾನ. ಉಣ್ಣುವುದು ನಿಧಾನ, ಅಂಗಿಯ ಗುಂಡಿ ಹಾಕುವುದು ನಿಧಾನ, ಕೊನೆಗೆ ಅಳುವುದೂ ನಿಧಾನ. ಬೈದವರು ಬೈದದ್ದನ್ನು ಮರೆತು ಬೇರೆ ಕೆಲಸಕ್ಕೆ ಹೋದ ಮೇಲೆ ಅವನು ಅಳುತ್ತಿದ್ದ.

ಗಾಲಿಕುರ್ಚಿಗೆ ಬಂದ ಮೇಲೆ, ಅಕ್ಕನ ಲ್ಯಾಬಿನ ದೊಡ್ಡ ಮೇಡಂ ಆ ಕಾಯಿಲೆಯವರನ್ನು ಹುಡುಕುತ್ತಿದ್ದಾರೆಂದು ಕೇಳಿ ತಾನಾಗಿಯೇ ತೋಳು ಚಾಚಿದ. "ಈ ಮೈ ಯಾವ ಕೆಲಸಕ್ಕೂ ಬರ್ಲಿಲ್ಲ. ಇದಕ್ಕಾದ್ರೂ ಬರ್ಲಿ ಬಿಡೇ" ಅಂದ. ತೋಳಿನಿಂದ ತೆಗೆದ ಚೂರು ಚರ್ಮದ ಕೋಶಗಳನ್ನು ಹಿಂದಕ್ಕೆ ನಡೆಸಿ, ಇನ್ನೂ ಏನೂ ಆಗಿರದ, ಏನು ಬೇಕಾದರೂ ಆಗಬಲ್ಲ ಆಕರಕೋಶಗಳ ಸ್ಥಿತಿಗೆ ತಂದರು. ಅವುಗಳೊಳಗಿನ ಪ್ರೋಟೀನುಗಳನ್ನು ಅಳೆದು ಕಾಯಿಲೆಯ ಬುಡ ಎಲ್ಲಿದೆ ಅಂತ ಪತ್ತೆ ಹಚ್ಚಬೇಕೆನ್ನುವುದು ಮೇಡಂ ಹಟ. ಅದು ಶುರುವಾಗುವಷ್ಟರಲ್ಲಿ ಒಂದು ಚಳಿಗಾಲ ಎದೆಗೆ ಕಫ ಕಟ್ಟಿ ತಮ್ಮ ಹೋಗಿಬಿಟ್ಟ. ಆಸ್ಪತ್ರೆಯವರು ಮಂಚದ ಸುತ್ತ ಪರದೆ ಎಳೆದು, ಎಲ್ಲ ಮುಗಿದ ಮೇಲೆ ಮನೆಯವರನ್ನು ಒಳಗೆ ಬಿಟ್ಟರು.

ಅಮ್ಮ ಅಳಲಿಲ್ಲ. ಬಂದವರೆಲ್ಲ ಅತ್ತು ಹೋದ ಮೇಲೆ ಮಗಳನ್ನು ಕರೆದು ಕೇಳಿದಳು.

"ನಿನ್ನ ಲ್ಯಾಬಲ್ಲಿ ಅವನದ್ದು ಇನ್ನೂ ಇದೆ ಅಲ್ವೇನೇ?"

"ಇದೆ ಕಣಮ್ಮ."

"ಅದಕ್ಕೆ ಜೀವ ಇದೆಯಾ?"

"ಇದೆ."

ಅಂದಿನಿಂದ ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು. "ಊಟ ಮಾಡಿದ್ನಾ?" ಇವಳು "ಹೊಟ್ಟೆ ತುಂಬಾ ಮಾಡ್ದ" ಅನ್ನುವಳು. "ಬೆಳೀತಿದಾನಾ?" ಅಂದರೆ "ಅಯ್ಯೋ, ತಟ್ಟೆ ಸಾಲ್ತಿಲ್ಲ ನಿನ್ ಮಗನಿಗೆ" ಅನ್ನುವಳು. ಮೊದಮೊದಲು ಅಮ್ಮನ ಸಮಾಧಾನಕ್ಕೆ ಆಡಿದ ಮಾತು. ಆಮೇಲಾಮೇಲೆ ಅದಿಲ್ಲದೆ ಇಬ್ಬರಿಗೂ ತುತ್ತು ಇಳಿಯದಂತಾಯಿತು.

ತಟ್ಟೆ ಸಾಲುತ್ತಿಲ್ಲ ಅನ್ನುವುದೇನೂ ಸುಳ್ಳಲ್ಲ. ತಟ್ಟೆ ತುಂಬಿದಾಗ ಎಲ್ಲ ಕೋಶಗಳನ್ನೂ ಮುಂದಕ್ಕೆ ದಾಟಿಸಲು ಆಗುವುದಿಲ್ಲ. ಮೈಕ್ರೋಸ್ಕೋಪಿನಡಿ ನೋಡಿ, ಒತ್ತಾಗಿ ಬೆಳೆದ ಗುಂಪುಗಳನ್ನು ಪಿಪೆಟ್ಟೆಂಬ ಸಣ್ಣ ಕೊಳವೆಯ ತುದಿಯಿಂದ ಎಬ್ಬಿಸಿ ಹೊಸ ತಟ್ಟೆಗೆ ಹಾಕಬೇಕು. ಸೊರಗಿದವು, ಹಿಂದೆ ಬಿದ್ದವು ಬ್ಲೀಚಿನ ಪಾಲು. ಊಟದಕ್ಕನ ಕಣ್ಣು ಇದರಲ್ಲಿ ಬಲು ಚುರುಕು. ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಪುಷ್ಟಿಯಾಗಿ ಬೆಳೆದವನ್ನೇ ಆರಿಸುತ್ತಿದ್ದಳು. ಬೇರೆಯವರ ತಟ್ಟೆಗಳು ಕೊರಗುವಾಗ ಇವಳವು ತುಂಬಿ ತುಳುಕುತ್ತಿದ್ದವು. "ಏನ್ ಕೈಗುಣ ರೀ ನಿಮ್ದು!" ಅಂತ ಎಲ್ಲರ ಬಾಯಲ್ಲೂ ಅದೇ. ಇದ್ದಾಗ ಎಲ್ಲರಿಗಿಂತ ಹಿಂದೆ ಉಳಿದವನು ಈಗ ಎಲ್ಲರಿಗಿಂತ ಮುಂದೆ ಓಡುತ್ತಿದ್ದಾನಲ್ಲ ಅಂತ ಅವಳಿಗೆ ಒಳಗೊಳಗೇ ಹಿಗ್ಗು.

ಪ್ರೋಟೀನು ಅಳೆಯುವ ಯಂತ್ರದ ಮುಂದೆ ಕೂರುವವನಿಗೆ ಲ್ಯಾಬಿನವರು ತಕ್ಕಡಿ ಅಂತ ಹೆಸರಿಟ್ಟಿದ್ದರು. ಕೇಳಿದರೂ ಬಾಯಿ ಬಿಡುವ ಪೈಕಿಯಲ್ಲ ಅವನು. ಅವತ್ತು ತಾನಾಗಿ ಎದ್ದು ಬಂದು ಬಾಗಿಲಲ್ಲಿ ನಿಂತ.

"ಊಟದಕ್ಕ, ಮೇಡಂ ಕರೀತಿದಾರೆ. ನಿಮ್ಮ ಸಾಲಿನದು ಏನೋ ಸರಿಯಿಲ್ಲ."

ಮೇಡಂ ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದರು. "ಕೋಶ ಕೆಟ್ಟರೆ ತಾನಾಗೇ ಸಾಯ್ಬೇಕು. ಹಾಗೆ ಸಾಯದ ಹಾಗೆ ತಡೆಯೋ ಒಂದು ಪ್ರೋಟೀನ್ ಇದೆ. ಇವುಗಳಲ್ಲಿ ಅದು ವಿಪರೀತ ಇದೆ. ಅನುಮಾನ ಬಂದು ವರ್ಣತಂತು ಪರೀಕ್ಷೆ ಮಾಡಿಸ್ದೆ. ಒಂದು ತುಂಡು ಜಾಸ್ತಿ ಬಂದು ಕೂತಿದೆ."

"ಅದು ಅವನ ಕಾಯಿಲೆನಾ ಮೇಡಂ?"

"ಅಲ್ಲ. ತಟ್ಟೇಲಿ ಆಗಿರೋದು. ಯಾವತ್ತೋ ಒಂದು ಕೋಶ ಹೀಗೆ ಕೆಟ್ಟಿದೆ. ಕೆಟ್ಟಿದ್ದಕ್ಕೇ ಬೇಗ ಬೆಳೀತು. ನಾವೂ ಬೇಗ ಬೆಳೆದಿದ್ದನ್ನೇ ಆರಿಸ್ತಾ ಬಂದ್ವಿ. ಈಗ ಇರೋದೆಲ್ಲ ಅದರ ಸಂತಾನ. ಕ್ಯಾನ್ಸರಿನ ದಾರಿ ಹಿಡಿದಿವೆ. ಇದರಿಂದ ಅಳೆದದ್ದು ಯಾವುದನ್ನೂ ನಂಬೋ ಹಾಗಿಲ್ಲ."

ಮೇಡಂ ದೊಡ್ಡ ಮನಸ್ಸು ಮಾಡಿ 'ನಾವು' ಅಂದರು. ಆರಿಸಿದ ಕೈ ಯಾವುದೆಂದು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಊಟದಕ್ಕ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಸೊರಗಿದವು, ಹಿಂದೆ ಬಿದ್ದವು, ನಿಧಾನದವು. ಅವೇ ಅಲ್ಲವೇ ಅವನು? ತಮ್ಮನನ್ನು ವಾರವಾರವೂ ಬ್ಲೀಚಿಗೆ ಸುರಿದು, ಅವನ ತಟ್ಟೆಯಲ್ಲಿ ಇನ್ಯಾರಿಗೋ ಊಟ ಬಡಿಸಿದ್ದಳು. ಅಯ್ಯೋ ಪಾಪಿ, ನಿನ್ನ ಕೈ ಸೇದಿಹೋಗ ಅಂತ ತನ್ನನ್ನೇ ಶಪಿಸಿಕೊಂಡಳು.

ಮೊದಮೊದಲು ಹೆಪ್ಪುಗಟ್ಟಿಸಿ ಇಟ್ಟಿದ್ದ ಅವನ ಕೋಶಗಳ ಟ್ಯೂಬುಗಳಾದರೂ ಇವೆಯೇ ಅಂದರೆ, ಒಂದು ಸಲ ರಜೆಯಲ್ಲಿ ಅವನ್ನು ತಣ್ಣಗಿಡುವ ಟ್ಯಾಂಕಿನ ದ್ರವ ನೈಟ್ರೋಜನ್ ಆರಿಹೋಗಿ ಅವೆಲ್ಲ ಹಾಳಾಗಿದ್ದವು. ಹುಡುಕಿ ಹುಡುಕಿ ಇನ್ನೊಂದು ಟ್ಯಾಂಕಿನ ತಳದಲ್ಲಿ ಒಂದೇ ಒಂದು ಸಿಕ್ಕಿತು. ತಮ್ಮ ಇದ್ದಾಗ ಅವಳೇ ಇಟ್ಟದ್ದು. ಇದು ಬದುಕಿದರೆ ಅವನು ಉಂಟು, ಇಲ್ಲವಾದರೆ ಇಲ್ಲ. ಕರಗಿಸಿ ತಟ್ಟೆಗೆ ಹಾಕಿದಳು. ಮಾರನೆಯ ದಿನ ನೋಡಿದರೆ ಬಹುಪಾಲು ಸತ್ತು ತೇಲುತ್ತಿದ್ದವು. ಅಂಚಿನಲ್ಲಿ ಒಂದು ಪುಟ್ಟ ಗುಂಪು ಮಾತ್ರ ತಳ ಕಚ್ಚಿಕೊಂಡಿತ್ತು. ಮರುದಿನವೂ ಅದು ಅಷ್ಟೇ ಇತ್ತು. ಅದರ ಮರುದಿನ ಕಂಡೂ ಕಾಣದಷ್ಟು ಅಗಲವಾಗಿತ್ತು.

"ಬಂದ್ಯೇನೋ" ಅಂದಳು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟುಕೊಂಡೇ. ಬೇಗ ಬಾ ಅಂತ ಈ ಸಲ ಅನ್ನಲಿಲ್ಲ.

ಬಂದವನು ನಿಲ್ಲಲಿಲ್ಲ. ವಾರ ತುಂಬುವ ಮೊದಲೇ ಗುಂಪಿನ ಅಂಚು ತಳ ಬಿಟ್ಟು ಏಳತೊಡಗಿತು, ನಡುವೆ ಕಪ್ಪು ಚುಕ್ಕೆಗಳು ಕಂಡವು. ಮೇಡಂ ಬಹಳ ಹೊತ್ತು ನೋಡಿ ಪಕ್ಕಕ್ಕೆ ಸರಿದರು.

"ಇದು ಉಳಿಯೋ ಹಾಗೆ ಕಾಣಲ್ಲ. ಈಗಲೇ ಒಡೆದ್ರೆ ಒಳಗಿನ ಪ್ರೋಟೀನಾದ್ರೂ ಸಿಗುತ್ತೆ. ತಾನಾಗೇ ಸತ್ರೆ ಎಲ್ಲ ಹಾಳಾಗುತ್ತೆ, ಏನೂ ಸಿಗಲ್ಲ. ನಾಳೆ ಬೆಳಗ್ಗೆವರೆಗೆ ತಡೀಬಹುದು. ನೀವು ಬೇಡ ಅಂದ್ರೆ ನಾನು ಮುಟ್ಟಲ್ಲ."

ಸಂಜೆ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. "ಊಟ ಮಾಡಿದ್ನಾ?"

"ಇಲ್ಲಮ್ಮ" ಅಂದಳು ಮಗಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಸಿದು ಕೂತು, ಮೊದಲಿನಿಂದ ಕೊನೆಯವರೆಗೆ ಒಂದೂ ಮುಚ್ಚಿಡದೆ ಹೇಳಿದಳು. ಅಮ್ಮನ ಕೈಯಲ್ಲಿದ್ದ ಟವೆಲ್ ಅರ್ಧ ಮಡಚಿದ ಹಾಗೇ ಉಳಿಯಿತು.

"ಹಾಗಾದ್ರೆ ಇಷ್ಟು ದಿನ ಬೆಳೀತಿದ್ದೋನು ಯಾರೇ?"

"ಅವನಲ್ಲಮ್ಮ."

"ನನಗಾದ್ರೂ ಗೊತ್ತಾಗ್ಬೇಕಿತ್ತು" ಅಂದಳು ಅಮ್ಮ. "ನನ್ ಮಗ ಯಾವತ್ತು ಅಷ್ಟು ಬೇಗ ಬೆಳೆದಿದ್ದ?"

ಮಗಳಿಗೆ ತಲೆಯೆತ್ತಲಾಗಲಿಲ್ಲ. ಅಮ್ಮ ಬೈಯಲಿ, ಎರಡು ಬಾರಿಸಲಿ ಅನ್ನಿಸಿತು. ಅಮ್ಮ ಎರಡೂ ಮಾಡಲಿಲ್ಲ.

"ಅವನು ಚರ್ಮ ಯಾಕೆ ಕೊಟ್ಟ, ಹೇಳು?"

"ಕೆಲಸಕ್ಕೆ ಬರ್ಲಿ ಅಂತ."

"ಹಾಗಾದ್ರೆ ಬರ್ಲಿ." ಅಮ್ಮ ಟವೆಲನ್ನು ಪೂರ್ತಿ ಮಡಚಿ ಕೆಳಗಿಟ್ಟಳು. "ಆದ್ರೆ ನೀನೇ ಮಾಡು. ಆಸ್ಪತ್ರೇಲಿ ಪರದೆ ಎಳೆದ್ಬಿಟ್ರು. ನಮ್ಮೋರು ಅಂತ ಯಾರೂ ಹತ್ರ ಇರ್ಲಿಲ್ಲ ಅವನಿಗೆ. ಈ ಸಲ ನೀನಿರು."

ಬೆಳಗ್ಗೆ ಊಟದಕ್ಕ ಮೊದಲು ಹೊಸ ದ್ರವ ಬೆಚ್ಚಗೆ ಮಾಡಿ ತಟ್ಟೆಗೆ ಹಾಕಿದಳು. ಒಡೆಯುವ ಕೋಶಕ್ಕೆ ಯಾರಾದರೂ ಊಟ ಹಾಕುತ್ತಾರೆಯೇ? ತಕ್ಕಡಿ ನೋಡುತ್ತ ಪಕ್ಕದಲ್ಲೇ ನಿಂತ. ಸ್ವಲ್ಪ ಹೊತ್ತು ಬಿಟ್ಟು ಆ ದ್ರವ ತೆಗೆದಳು, ತೊಳೆದಳು, ಕೋಶ ಒಡೆಯುವ ದ್ರವದ ಹನಿ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಪೊರೆಗಳು ಕರಗಿದವು, ಗುಂಪು ಮಸುಕಾಯಿತು, ಆಮೇಲೆ ಅಲ್ಲಿ ಏನೂ ಇರಲಿಲ್ಲ. ಕಣ್ಣು ತೆಗೆಯದೆ ಕೊನೆಯವರೆಗೂ ನೋಡಿದಳು. "ಕೊಡಿ ಅಕ್ಕ, ಹುಷಾರಾಗಿ ನೋಡ್ಕೋತೀನಿ" ಅಂತ ತಕ್ಕಡಿ ಟ್ಯೂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಆಮೇಲೆ ಬೇಗ ಬೆಳೆಯುವವರ ತಟ್ಟೆಗಳನ್ನೆಲ್ಲ ಹೊರಗೆ ತೆಗೆದು ಬ್ಲೀಚ್ ಸುರಿದಳು. "ಉಂಡಿದ್ದು ಸಾಕು" ಅಂದಳು. ಅವಕ್ಕೆ ಅವಳಲ್ಲಿ ಕಣ್ಣೀರಿರಲಿಲ್ಲ.

ಯಂತ್ರ ಅಳೆದು ಕೊಟ್ಟಿತು. ಸಾವು ತಡೆಯುವ ಪ್ರೋಟೀನು ಅವನಲ್ಲಿ ಎಲ್ಲರಲ್ಲಿ ಇರುವಷ್ಟೇ ಇತ್ತು. ಕಾಯಿಲೆಯ ಬುಡ ಮಾತ್ರ ಸಿಗಲಿಲ್ಲ. ಒಂದೇ ಅಳತೆಯಿಂದ ಏನೂ ಹೇಳೋಕಾಗಲ್ಲ, ಇನ್ನೊಬ್ಬ ರೋಗಿಯನ್ನು ಹುಡುಕಬೇಕು ಅಂದರು ಮೇಡಂ.

ಭಾನುವಾರ ಬೆಳಗ್ಗೆ ಅವಳು ಅಭ್ಯಾಸಬಲದಿಂದ ಎದ್ದು, ತಲೆ ಬಾಚಿ, ಚೀಲ ಹೆಗಲಿಗೇರಿಸಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಳು.

"ಇವತ್ತು ಯಾರಿಗೆ ಊಟ ಹಾಕೋಕೆ ಹೊರಟೆ?" ಅಂತ ಒಳಗಿನಿಂದ ಅಮ್ಮ ಕೇಳಿದಳು.

ಅವಳು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಮ್ಮ ಬಂದು, ಬಗ್ಗಿ, ಮಗಳ ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಅವಳ ಪಕ್ಕದಲ್ಲೇ ಕೂತಳು. ಆಮೇಲೆ ಅತ್ತಳು. ಊರವರೆಲ್ಲ ಅತ್ತು ಮರೆತು ಅವರವರ ಕೆಲಸಕ್ಕೆ ಹೋದ ಮೇಲೆ, ನಿಧಾನವಾಗಿ, ಮಗನ ಹಾಗೆಯೇ.